ದಕ್ಷಿಣ ಸುಡಾನ್‌ನ ಮೊದಲ ಸರ್ಕಾರ ಎರಡೇ ವರ್ಷಕ್ಕೆ ಕುಸಿದಿದ್ದು ಯಾಕೆ?

2011ರ ಜುಲೈ 9ರಂದು ರಾಜಧಾನಿ ಜುಬಾ ನಗರದಲ್ಲಿ ಹೊಸ ಬಾವುಟ ಹಾರಿತು. ಐದು ದಿನ ಕಳೆದು ದಕ್ಷಿಣ ಸುಡಾನ್ ವಿಶ್ವಸಂಸ್ಥೆಯ 193ನೇ ಸದಸ್ಯ ದೇಶವಾಯಿತು. ಸಮಾರಂಭಕ್ಕೆ ಭಾರತದಿಂದ ಆಗಿನ ಉಪರಾಷ್ಟ್ರಪತಿ ಹಮೀದ್ ಅನ್ಸಾರಿ ಹೋಗಿದ್ದರು. ಅದೇ ವರ್ಷ ಜನವರಿಯಲ್ಲಿ ನಡೆದ ಜನಮತಗಣನೆಯಲ್ಲಿ ಶೇ 98.83ರಷ್ಟು ಮತದಾರರು ಸುಡಾನ್ ಬಿಟ್ಟು ನಮಗೆ ಬೇರೆ ದೇಶ ಬೇಕು ಅಂದಿದ್ದರು. ಇಷ್ಟು ಒಮ್ಮತದಿಂದ ಹುಟ್ಟಿದ ದೇಶಗಳು ಜಾಸ್ತಿ ಇಲ್ಲ. ಆದರೂ ಎರಡೂವರೆ ವರ್ಷ ತುಂಬುವ ಮೊದಲೇ, 2013ರ ಡಿಸೆಂಬರ್ 15ರ ರಾತ್ರಿ, ಅದೇ ಜುಬಾದಲ್ಲಿ ಅಧ್ಯಕ್ಷರ ಕಾವಲು ದಳದ ಸೈನಿಕರು ಒಬ್ಬರ ಮೇಲೊಬ್ಬರು ಗುಂಡು ಹಾರಿಸಿಕೊಂಡರು. ಅಲ್ಲಿಂದ ಶುರುವಾದ ಅಂತರ್ಯುದ್ಧದ ಬೆಂಕಿ ಇವತ್ತಿಗೂ ಪೂರ್ತಿ ಆರಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಆ ದೇಶದಲ್ಲಿ ಒಂದೇ ಒಂದು ಸಾರ್ವತ್ರಿಕ ಚುನಾವಣೆಯೂ ನಡೆದಿಲ್ಲ. 2015ಕ್ಕೆ ಆಗಬೇಕಿತ್ತು, ಆಗಲಿಲ್ಲ. 2018ಕ್ಕೆ ಅಂದರು, ಆಗಲಿಲ್ಲ. 2024ರ ಡಿಸೆಂಬರ್‌ಗೆ ಅಂದರು, ಅದನ್ನೂ ಎರಡು ವರ್ಷ ಮುಂದಕ್ಕೆ ಹಾಕಿ 2026ರ ಡಿಸೆಂಬರ್ ಅಂದರು. ಮೊದಲ ದಿನ ಪ್ರಮಾಣವಚನ ತೆಗೆದುಕೊಂಡ ಸಾಲ್ವಾ ಕೀರ್ ಅವರೇ ಇನ್ನೂ ಅಧ್ಯಕ್ಷರು. ಮೊದಲ ಉಪಾಧ್ಯಕ್ಷರಾಗಿದ್ದ ರಿಯಕ್ ಮಚಾರ್ ಅವರನ್ನು 2025ರ ಮಾರ್ಚ್‌ನಲ್ಲಿ ಗೃಹಬಂಧನದಲ್ಲಿ ಇಟ್ಟರು, ಸೆಪ್ಟೆಂಬರ್‌ನಲ್ಲಿ ದೇಶದ್ರೋಹ ಮತ್ತು ಕೊಲೆಯ ಆರೋಪ ಹೊರಿಸಿ ಕೋರ್ಟಿಗೆ ತಂದರು. ಹದಿನೈದು ವರ್ಷದ ಹಿಂದೆ ಒಂದೇ ವೇದಿಕೆಯಲ್ಲಿ ನಿಂತಿದ್ದ ಇಬ್ಬರ ಕಥೆ ಇದು. ಹಾಗಾಗಿ ಆ ಮೊದಲ ಸರ್ಕಾರ ಎಲ್ಲಿ ಎಡವಿತು ಅನ್ನೋದು ಬರೀ ಹಳೆಯ ಇತಿಹಾಸ ಅಲ್ಲ. ಅಲ್ಲಿ ಈಗ ಆಗುತ್ತಿರುವುದೆಲ್ಲ ಅದೇ ಎರಡು ವರ್ಷದ ಮುಂದುವರಿಕೆ.

ಸಾಮಾನ್ಯವಾಗಿ ಕೇಳಿಬರುವ ಉತ್ತರ ಒಂದಿದೆ. ಕೀರ್ ಡಿಂಕಾ ಜನಾಂಗದವರು, ಮಚಾರ್ ನುಯರ್ ಜನಾಂಗದವರು, ಈ ಎರಡು ಬುಡಕಟ್ಟುಗಳಿಗೆ ಆಗಿಬರುವುದಿಲ್ಲ, ಹೊಡೆದಾಡಿಕೊಂಡರು, ಅಷ್ಟೇ. ಈ ಉತ್ತರ ನನಗೆ ಯಾವತ್ತೂ ಸಮಾಧಾನ ಕೊಟ್ಟಿಲ್ಲ. 60ಕ್ಕೂ ಹೆಚ್ಚು ಜನಾಂಗಗಳಿರುವ ದೇಶ ಅದು. ಡಿಂಕಾ ಮತ್ತು ನುಯರ್ ದನಗಾಹಿಗಳು ತಲೆತಲಾಂತರದಿಂದ ಜಗಳವಾಡಿದ್ದಾರೆ, ಹೆಣ್ಣು ಕೊಟ್ಟು ತಂದಿದ್ದಾರೆ, ಒಟ್ಟಿಗೆ ಖಾರ್ಟೂಮ್ ವಿರುದ್ಧ, ಅಂದರೆ ಉತ್ತರದ ಸುಡಾನ್ ಸರ್ಕಾರದ ವಿರುದ್ಧ, ಕಾದಾಡಿದ್ದಾರೆ. ಜನಾಂಗದ ಬಿರುಕು ಇತ್ತು, ಇಲ್ಲ ಅನ್ನೋದಿಲ್ಲ. ಆದರೆ ಆ ಬಿರುಕು ಇಡೀ ದೇಶವನ್ನೇ ಸೀಳುವಷ್ಟು ದೊಡ್ಡದಾಗಿದ್ದಕ್ಕೆ ಬೇರೆ ಕಾರಣವಿದೆ. ನನ್ನ ಪ್ರಕಾರ ಆ ಕಾರಣ ಸಂಬಳದ ಪಟ್ಟಿಯಲ್ಲಿದೆ. ಮೊದಲ ಸರ್ಕಾರ ಶಾಂತಿಯನ್ನು ಸಂಬಳ ಕೊಟ್ಟು ಕೊಂಡುಕೊಂಡಿತ್ತು, ಆಮೇಲೆ ಸಂಬಳ ಬರುವ ದಾರಿಯನ್ನು ತಾನೇ ಮುಚ್ಚಿತು.

ಆ ಸರ್ಕಾರದ ಕೈಗೆ ಬಂದಿದ್ದು ಏನು ಅಂತ ಮೊದಲು ನೋಡೋಣ. 1983ರಿಂದ 2005ರವರೆಗೆ ಖಾರ್ಟೂಮ್ ಜೊತೆ ನಡೆದ ಯುದ್ಧದಲ್ಲಿ ಸುಮಾರು 20 ಲಕ್ಷ ಜನ ಸತ್ತಿದ್ದರು, ಹೆಚ್ಚಿನವರು ಹಸಿವು ಮತ್ತು ಕಾಯಿಲೆಯಿಂದ. 2008ರ ಜನಗಣತಿಯ ಪ್ರಕಾರ ಜನಸಂಖ್ಯೆ 82.6 ಲಕ್ಷ. ಅಂದರೆ ಆಗಿನ ಬೆಂಗಳೂರು ನಗರದಷ್ಟು ಜನ, ಫ್ರಾನ್ಸ್ ದೇಶಕ್ಕಿಂತ ದೊಡ್ಡ ನೆಲದಲ್ಲಿ ಚದುರಿ ಕೂತಿದ್ದರು. ದೊಡ್ಡವರಲ್ಲಿ ಓದು ಬರಹ ಬಲ್ಲವರು ಶೇ 27. ಅರ್ಧಕ್ಕಿಂತ ಹೆಚ್ಚು ಜನ ಬಡತನ ರೇಖೆಯ ಕೆಳಗೆ. 2006ರ ಒಂದು ಸಮೀಕ್ಷೆಯಲ್ಲಿ ಪ್ರತಿ ಒಂದು ಲಕ್ಷ ಹೆರಿಗೆಗೆ 2,054 ತಾಯಂದಿರು ಸಾಯುತ್ತಿದ್ದರು ಅಂತ ಲೆಕ್ಕ ಸಿಕ್ಕಿತ್ತು, ಆಗ ಅದು ಜಗತ್ತಿನಲ್ಲೇ ಅತಿ ಹೆಚ್ಚಿನ ಪ್ರಮಾಣಗಳಲ್ಲಿ ಒಂದು. ಆಸ್ಪತ್ರೆ, ಲಸಿಕೆ, ಕುಡಿಯುವ ನೀರು ಇವೆಲ್ಲ ಬಹುತೇಕ ವಿದೇಶಿ ನೆರವು ಸಂಸ್ಥೆಗಳ ಕೈಯಲ್ಲಿತ್ತು.

ರಸ್ತೆಯ ವಿಷಯಕ್ಕೆ ಬಂದರೆ, ಊರಿಂದೂರಿಗೆ ಹೋಗುವ ಟಾರು ರಸ್ತೆ ಅನ್ನೋದು ಇರಲೇ ಇಲ್ಲ ಅಂದರೂ ನಡೆಯುತ್ತೆ. ಜುಬಾದಿಂದ ಉಗಾಂಡಾ ಗಡಿಯ ನಿಮುಲೆವರೆಗಿನ 192 ಕಿಲೋಮೀಟರ್ ರಸ್ತೆಗೆ ಅಮೆರಿಕದ ದುಡ್ಡಿನಲ್ಲಿ ಟಾರು ಹಾಕಿ ಮುಗಿಸಿದ್ದು 2012ರಲ್ಲಿ. ದೇಶದ ಮೊದಲ ದೊಡ್ಡ ಟಾರು ರಸ್ತೆ ಅದು. ಉಳಿದ ಕಡೆ ನೆಲದ ಬಹುಭಾಗ ಎರೆಮಣ್ಣು. ಮಳೆ ಬಿದ್ದ ಎರೆಹೊಲದಲ್ಲಿ ಗಾಡಿ ಹೊಡೆದವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಲಾರಿಗಳು ಅಚ್ಚಿನವರೆಗೆ ಹೂತು ಅಲ್ಲೇ ನಿಲ್ಲುತ್ತವೆ. ಎಷ್ಟೋ ಜಿಲ್ಲೆಗಳಿಗೆ ವರ್ಷದಲ್ಲಿ ಅರ್ಧ ಕಾಲ ವಿಮಾನ, ಹೆಲಿಕಾಪ್ಟರ್, ದೋಣಿ ಬಿಟ್ಟರೆ ಬೇರೆ ದಾರಿಯಿಲ್ಲ. ಸರ್ಕಾರದ ಆದೇಶ, ಔಷಧಿ, ಪೊಲೀಸ್, ಯಾವುದೂ ಅಲ್ಲಿಗೆ ತಲುಪುತ್ತಿರಲಿಲ್ಲ. ತಲುಪುತ್ತಿದ್ದದ್ದು ಬಂದೂಕು ಮಾತ್ರ, ಯಾಕಂದರೆ ಅದು ಯುದ್ಧದ ಕಾಲದಲ್ಲೇ ಮನೆಮನೆ ಸೇರಿತ್ತು.

2005ರ ಶಾಂತಿ ಒಪ್ಪಂದದ ನಂತರ ಆರು ವರ್ಷ ದಕ್ಷಿಣಕ್ಕೆ ಸ್ವಂತ ಆಡಳಿತವಿತ್ತು, ತನ್ನ ಪಾಲಿನ ತೈಲದ ಹಣವೂ ಬರುತ್ತಿತ್ತು. ಸರ್ಕಾರ ನಡೆಸುವುದನ್ನು ಕಲಿಯುವುದಕ್ಕೆ ಸಿಕ್ಕ ಸಮಯ ಅದು. ಆದರೆ ದಕ್ಷಿಣದ ವಿಮೋಚನಾ ಚಳವಳಿಯ ನಾಯಕ ಜಾನ್ ಗರಾಂಗ್ ಅಧಿಕಾರ ವಹಿಸಿಕೊಂಡ ಮೂರೇ ವಾರಕ್ಕೆ, 2005ರ ಜುಲೈ ಕೊನೆಯಲ್ಲಿ, ಹೆಲಿಕಾಪ್ಟರ್ ಅಪಘಾತದಲ್ಲಿ ತೀರಿಕೊಂಡರು. ಅವರ ಜಾಗಕ್ಕೆ ಬಂದವರು ಸಾಲ್ವಾ ಕೀರ್. ಆಗ ಅವರ ಮುಂದೆ ಇದ್ದ ಪ್ರಶ್ನೆ ಸಣ್ಣದಲ್ಲ. ದಕ್ಷಿಣದಲ್ಲಿ ವಿಮೋಚನಾ ಸೇನೆ ಒಂದೇ ಇರಲಿಲ್ಲ. ಖಾರ್ಟೂಮ್‌ನಿಂದ ದುಡ್ಡು, ಮದ್ದುಗುಂಡು ಪಡೆದು ಆ ವಿಮೋಚನಾ ಸೇನೆಯ ವಿರುದ್ಧವೇ ಹೋರಾಡಿದ್ದ ಹತ್ತಾರು ಗುಂಪುಗಳು ಇದ್ದವು. ಅವುಗಳಲ್ಲಿ ದೊಡ್ಡದು ಪೌಲಿನೊ ಮಾಟಿಪ್ ಅವರದು, ತೈಲ ಇರುವ ಯೂನಿಟಿ ಪ್ರಾಂತ್ಯದಲ್ಲಿ. ಇವರನ್ನು ಹೊರಗಿಟ್ಟರೆ ಸ್ವಾತಂತ್ರ್ಯಕ್ಕೆ ಮೊದಲೇ ಒಳಜಗಳ ಶುರುವಾಗುವುದು ಖಚಿತ.

ಕೀರ್ ಅವರು ಅವರೆಲ್ಲರನ್ನೂ ಒಳಗೆ ಕರೆದರು. 2006ರ ಜನವರಿಯಲ್ಲಿ ಆದ ಜುಬಾ ಘೋಷಣೆಯ ಮೂಲಕ ಆ ಗುಂಪುಗಳು ಸೇನೆಗೆ ಸೇರಿದವು, ಅವರ ನಾಯಕರಿಗೆ ದೊಡ್ಡ ದೊಡ್ಡ ಹುದ್ದೆ ಸಿಕ್ಕಿತು, ಮಾಟಿಪ್ ಸೇನೆಯ ಉಪಮುಖ್ಯಸ್ಥರೇ ಆದರು. ಆ ಹೊತ್ತಿಗೆ ಇದು ಸರಿಯಾದ ನಿರ್ಧಾರವಾಗಿತ್ತು ಅಂತಲೇ ನನಗನಿಸುತ್ತದೆ. ಸಾವಿರಾರು ಜೀವ ಉಳಿಯಿತು, ಜನಮತಗಣನೆ ನೆಮ್ಮದಿಯಾಗಿ ನಡೆಯಿತು. ತೊಂದರೆ ಇದ್ದದ್ದು ಅದರ ಮುಂದಿನ ಹೆಜ್ಜೆ ಇಡದೇ ಹೋದದ್ದರಲ್ಲಿ. ಸೇರಿದ ಗುಂಪುಗಳನ್ನು ಬಿಡಿಸಿ ಬೆರೆಸಲಿಲ್ಲ. ಒಬ್ಬ ನಾಯಕನ ಹುಡುಗರು ಅದೇ ನಾಯಕನ ಕೈಕೆಳಗೆ, ಅದೇ ಊರಿನ ಸುತ್ತಮುತ್ತ ಉಳಿದರು. ಸಮವಸ್ತ್ರ ಬದಲಾಯಿತು, ನಿಷ್ಠೆ ಬದಲಾಗಲಿಲ್ಲ.

ಸಂಬಳ ಹೇಗೆ ಹೋಗುತ್ತಿತ್ತು ಅಂತ ಸ್ವಲ್ಪ ಹತ್ತಿರದಿಂದ ನೋಡಬೇಕು. ಬ್ಯಾಂಕ್ ಅಪರೂಪವಾಗಿದ್ದ ದೇಶದಲ್ಲಿ ಸೈನಿಕರ ಸಂಬಳ ನಗದಿನಲ್ಲೇ ಹೋಗಬೇಕು. ಜುಬಾದಿಂದ ದುಡ್ಡು ಕಮಾಂಡರ್ ಕೈಗೆ, ಕಮಾಂಡರ್‌ನಿಂದ ಸಿಪಾಯಿ ಕೈಗೆ. ನನ್ನ ಹತ್ತಿರ ಇಷ್ಟು ಸಾವಿರ ಜನ ಇದ್ದಾರೆ ಅಂತ ಕಮಾಂಡರ್ ಬರೆದುಕೊಟ್ಟರೆ ಅದೇ ಲೆಕ್ಕ. ಹೋಗಿ ತಲೆ ಎಣಿಸುವವರು ಯಾರು? ಇಲ್ಲದ ಸೈನಿಕರ ಹೆಸರಿನ ಸಂಬಳ ಕಮಾಂಡರ್ ಜೇಬಿಗೆ ಹೋಗುತ್ತಿತ್ತು, ಅದರಲ್ಲಿ ಒಂದಿಷ್ಟು ಕೆಳಗಿನವರನ್ನು ಕೈಯಲ್ಲಿ ಇಟ್ಟುಕೊಳ್ಳುವುದಕ್ಕೆ ಖರ್ಚಾಗುತ್ತಿತ್ತು. ಹೀಗಾಗಿ ಸಿಪಾಯಿಗೆ ಸಂಬಳ ಕೊಡುವವನು ದೇಶವಲ್ಲ, ತನ್ನ ಕಮಾಂಡರ್. ಸಂಬಳದ ಪಟ್ಟಿಯಲ್ಲಿ ಸುಮಾರು ಎರಡು ಲಕ್ಷ ಹೆಸರುಗಳಾದವು. ಜನರಲ್ ದರ್ಜೆಯವರೇ 700ಕ್ಕೂ ಹೆಚ್ಚು ಇದ್ದರು. ರಕ್ಷಣಾ ಬಜೆಟ್‌ನ ಬಹುಭಾಗ ಬರೀ ಸಂಬಳಕ್ಕೆ ಹೋಗುತ್ತಿತ್ತು, ಮತ್ತು ಆ ರಕ್ಷಣಾ ಬಜೆಟ್ ಶಿಕ್ಷಣ ಮತ್ತು ಆರೋಗ್ಯ ಎರಡನ್ನೂ ಸೇರಿಸಿದರೂ ಅದಕ್ಕಿಂತ ಎಷ್ಟೋ ದೊಡ್ಡದಾಗಿತ್ತು.

ಇದರಿಂದ ಇನ್ನೊಂದು ಕೆಟ್ಟ ಪಾಠವನ್ನು ಎಲ್ಲರೂ ಕಲಿತರು. ಬಂದೂಕು ಹಿಡಿದು ಕಾಡಿಗೆ ಹೋದರೆ ಸರ್ಕಾರ ಕರೆದು ಹುದ್ದೆ ಕೊಡುತ್ತದೆ. 2010ರ ಚುನಾವಣೆಯಲ್ಲಿ ಸೋತ ಕೆಲವರು ಇದನ್ನೇ ಮಾಡಿದರು. ಮುರ್ಲೆ ಜನಾಂಗದ ಡೇವಿಡ್ ಯಾವ್ ಯಾವ್ ಸೋತ ಮೇಲೆ ದಂಗೆ ಎದ್ದರು, 2011ರಲ್ಲಿ ಕ್ಷಮಾದಾನ ಪಡೆದು ಸೇನೆಗೆ ಬಂದರು, 2012ರ ಏಪ್ರಿಲ್‌ನಲ್ಲಿ ಮತ್ತೆ ಓಡಿಹೋಗಿ ದಂಗೆ ಎದ್ದರು. ಊರಲ್ಲೇ ಇದ್ದು ಶಾಲೆ ನಡೆಸಿದ ಮೇಷ್ಟರಿಗೆ, ಹೆರಿಗೆ ಮಾಡಿಸಿದ ದಾದಿಗೆ ಈ ವ್ಯವಸ್ಥೆಯಲ್ಲಿ ಏನೂ ಇರಲಿಲ್ಲ. ನನಗೆ ಅತಿ ಹೆಚ್ಚು ಬೇಜಾರು ತರಿಸುವ ಸಂಗತಿ ಇದು.

ಈಗ ತೈಲದ ವಿಷಯ. ಒಟ್ಟು ಸುಡಾನ್‌ನ ತೈಲದಲ್ಲಿ ನಾಲ್ಕರಲ್ಲಿ ಮೂರು ಭಾಗ ದಕ್ಷಿಣದ ಪಾಲಿಗೆ ಬಂತು. ದಿನಕ್ಕೆ ಸುಮಾರು 3,50,000 ಬ್ಯಾರೆಲ್. ಸರ್ಕಾರದ ಆದಾಯದಲ್ಲಿ ಶೇ 98 ಅದರಿಂದಲೇ. ಆದರೆ ಬಾವಿಗಳು ದಕ್ಷಿಣದಲ್ಲಿ, ಪೈಪ್‌ಲೈನ್ ಮತ್ತು ಬಂದರು ಉತ್ತರದಲ್ಲಿ. ಹೊಸ ದೇಶಕ್ಕೆ ಸಮುದ್ರವೇ ಇಲ್ಲ. ತೈಲ ಹೊರಗೆ ಹೋಗಬೇಕಾದರೆ ಯಾರ ವಿರುದ್ಧ ಎರಡು ದಶಕ ಹೋರಾಡಿದರೋ ಅವರ ನೆಲದಲ್ಲೇ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಹರಿದು ಪೋರ್ಟ್ ಸುಡಾನ್ ಸೇರಬೇಕು. ಇದರ ಬಾಡಿಗೆ ಎಷ್ಟು ಅನ್ನೋದನ್ನು ಸ್ವಾತಂತ್ರ್ಯಕ್ಕೆ ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕಿತ್ತು. ಮಾಡಿಕೊಳ್ಳಲಿಲ್ಲ. ಖಾರ್ಟೂಮ್ ಬ್ಯಾರೆಲ್‌ಗೆ 30 ಡಾಲರ್‌ಗೂ ಹೆಚ್ಚು ಕೇಳಿತು, ಜುಬಾ ಒಂದು ಡಾಲರ್ ಆಸುಪಾಸು ಕೊಡುತ್ತೇವೆ ಅಂದಿತು. ಮಾತುಕತೆ ಎಳೆಯುತ್ತಾ ಹೋದಂತೆ ಖಾರ್ಟೂಮ್ ಬಂದರಿನಲ್ಲಿ ದಕ್ಷಿಣದ ತೈಲವನ್ನೇ ಹಿಡಿದಿಟ್ಟು ಮಾರತೊಡಗಿತು. 815 ಮಿಲಿಯನ್ ಡಾಲರ್ ಮೌಲ್ಯದ ತೈಲ ಕದ್ದಿದ್ದಾರೆ ಅಂತ ಕೀರ್ ಸಂಸತ್ತಿನಲ್ಲಿ ಹೇಳಿದರು.

2012ರ ಜನವರಿಯಲ್ಲಿ ಜುಬಾ ಸರ್ಕಾರ ತೈಲ ಎತ್ತುವುದನ್ನೇ ಪೂರ್ತಿ ನಿಲ್ಲಿಸಿತು. ದೇಶದ ಆದಾಯದ ಶೇ 98ನ್ನು ದೇಶವೇ ಬಂದ್ ಮಾಡಿತು. ಬೀದಿಯಲ್ಲಿ ಜನ ಇದನ್ನು ಮೆಚ್ಚಿ ಕುಣಿದರು, ಯಾಕಂದರೆ ಅವರ ಸಿಟ್ಟು ನಿಜವಾದದ್ದು. ಕಳ್ಳತನ ಮಾಡುವವನ ಕೈಗೆ ನಮ್ಮ ಎಣ್ಣೆ ಯಾಕೆ ಕೊಡಬೇಕು ಅನ್ನೋ ಮಾತಿಗೆ ಯಾರು ಇಲ್ಲ ಅಂತಾರೆ? ಕೀನ್ಯಾದ ಲಾಮು ಬಂದರಿಗೆ ಹೊಸ ಪೈಪ್‌ಲೈನ್ ಹಾಕುತ್ತೇವೆ ಅಂತ ಮಾರ್ಚ್‌ನಲ್ಲಿ ಮೂರು ದೇಶದ ನಾಯಕರು ಸೇರಿ ಅಡಿಗಲ್ಲನ್ನೂ ಹಾಕಿದರು. ದಕ್ಷಿಣ ಸುಡಾನ್‌ನಿಂದ ಅಲ್ಲಿಗೆ ಪೈಪ್‌ಲೈನ್ ಇವತ್ತಿಗೂ ಬಂದಿಲ್ಲ. ದೇಶದ ಆರ್ಥಿಕತೆಯೇ ಕುಸಿಯಬಹುದು ಅಂತ ವಿಶ್ವಬ್ಯಾಂಕ್‌ನ ಅಧಿಕಾರಿಗಳು ಎಚ್ಚರಿಸಿದರು. ಏಪ್ರಿಲ್‌ನಲ್ಲಿ ದಕ್ಷಿಣದ ಸೇನೆ ಸುಡಾನ್ ಕೈಯಲ್ಲಿದ್ದ ಹೆಗ್ಲಿಗ್ ತೈಲಕ್ಷೇತ್ರಕ್ಕೆ ನುಗ್ಗಿ, ಹತ್ತು ದಿನ ಇದ್ದು, ವಿಶ್ವಸಂಸ್ಥೆಯ ಒತ್ತಡಕ್ಕೆ ವಾಪಸ್ ಬಂತು. ನಮ್ಮ ಒಎನ್‌ಜಿಸಿ ವಿದೇಶ್ ಕಂಪನಿ 2003ರಿಂದ ಶೇ 25 ಪಾಲು ಹೊಂದಿದ್ದ ತೈಲ ಯೋಜನೆಯ ಬಾವಿಗಳು ಇರುವುದು ಈ ಹೆಗ್ಲಿಗ್ ಮತ್ತು ಪಕ್ಕದ ಯೂನಿಟಿ ಕ್ಷೇತ್ರಗಳಲ್ಲೇ. 2003ರಲ್ಲಿ ಅಲ್ಲಿಂದ ಬಂದ ಕಚ್ಚಾ ತೈಲದ ಹಡಗು ಮೊದಲು ಮುಟ್ಟಿದ್ದು ಮಂಗಳೂರನ್ನು, ಎಂಆರ್‌ಪಿಎಲ್ ಸಂಸ್ಕರಣಾಗಾರಕ್ಕಾಗಿ. ದೇಶ ಎರಡಾದಾಗ ಆ ಯೋಜನೆಯೂ ಎರಡು ಹೋಳಾಯಿತು.

ಎಂಟು ತಿಂಗಳ ನಂತರ, 2012ರ ಸೆಪ್ಟೆಂಬರ್ 27ರಂದು ಅಡಿಸ್ ಅಬಾಬಾದಲ್ಲಿ ಒಪ್ಪಂದವಾಯಿತು. ಯಾವ ಪೈಪ್‌ಲೈನ್ ಅನ್ನೋದರ ಮೇಲೆ ಬ್ಯಾರೆಲ್‌ಗೆ 9.10 ಅಥವಾ 11 ಡಾಲರ್ ಬಾಡಿಗೆ, ಜೊತೆಗೆ ಉತ್ತರಕ್ಕೆ ಆದ ನಷ್ಟಕ್ಕೆ 3 ಬಿಲಿಯನ್ ಡಾಲರ್‌ಗೂ ಸ್ವಲ್ಪ ಜಾಸ್ತಿ ಪರಿಹಾರ. ತೈಲ ಮತ್ತೆ ಹರಿದದ್ದು 2013ರ ಏಪ್ರಿಲ್‌ನಲ್ಲಿ. ಇಷ್ಟು ತಡ ಯಾಕೆ ಅಂದರೆ, ಗಡಿಯ ಭದ್ರತೆಯ ತಕರಾರು ಬಗೆಹರಿಯಲು ತಿಂಗಳುಗಳು ಹಿಡಿದವು, ಜೊತೆಗೆ ಅಲ್ಲಿನ ಕಚ್ಚಾ ತೈಲದಲ್ಲಿ ಮೇಣದ ಅಂಶ ಜಾಸ್ತಿ. ಬಿಸಿ ಮಾಡುತ್ತಾ ಸಾಗಿಸದಿದ್ದರೆ ಚಳಿಗಾಲದ ಕೊಬ್ಬರಿ ಎಣ್ಣೆಯ ಹಾಗೆ ಪೈಪಿನಲ್ಲೇ ಹೆಪ್ಪುಗಟ್ಟುತ್ತದೆ. ನಿಲ್ಲಿಸುವಾಗ ನೀರು ಹರಿಸಿ ಪೈಪ್ ತೊಳೆಯಬೇಕು, ಶುರು ಮಾಡುವಾಗ ಇಡೀ ಸಾಲನ್ನು ಮತ್ತೆ ತಯಾರು ಮಾಡಬೇಕು. ಬಂದ್ ಮಾಡುವ ನಿರ್ಧಾರ ಒಂದು ದಿನದ್ದು, ತೆರೆಯುವ ಕೆಲಸ ತಿಂಗಳುಗಟ್ಟಲೆ.

ಆ ಹದಿನೈದು ತಿಂಗಳಲ್ಲಿ ಊರೊಳಗೆ ಏನಾಯಿತು? 2012ರ ಮೇ ತಿಂಗಳಲ್ಲಿ ಬೆಲೆ ಏರಿಕೆ ವರ್ಷಕ್ಕೆ ಶೇ 80ರ ಹತ್ತಿರ ಹೋಯಿತು. ತಿನ್ನುವ ಜೋಳ, ಹಿಟ್ಟು, ಉಗಾಂಡಾದಿಂದ ಬರುವ ಪೆಟ್ರೋಲ್, ಎಲ್ಲದರ ಬೆಲೆ ಗಗನಕ್ಕೆ. ರಸ್ತೆ, ಶಾಲೆ, ಜಿಲ್ಲೆಗಳಿಗೆ ಹೋಗಬೇಕಾದ ಅನುದಾನ ಎಲ್ಲವನ್ನೂ ಕತ್ತರಿಸಿದರು. ಸೇನೆಯ ಸಂಬಳವನ್ನು ಮಾತ್ರ ಆದಷ್ಟು ಮುಟ್ಟದೆ ಉಳಿಸಿಕೊಂಡರು, ಯಾಕಂದರೆ ಅದು ನಿಂತರೆ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು. ಆದರೆ ಸಂಬಳ ಬಿಟ್ಟು ಮೇಲಿಂದ ಹರಿಯುತ್ತಿದ್ದ ಗುತ್ತಿಗೆ, ಭತ್ಯೆ, ಕಾರು, ಬಳುವಳಿ ಇವೆಲ್ಲ ಬತ್ತಿದವು. ಜನರಲ್‌ಗಳಿಗೆ, ಪ್ರಾಂತ್ಯದ ನಾಯಕರಿಗೆ ಕೊಡುವುದಕ್ಕೆ ಅಧ್ಯಕ್ಷರ ಕೈಯಲ್ಲಿ ಏನೂ ಉಳಿಯಲಿಲ್ಲ. ದುಡ್ಡಿನಿಂದ ಕಟ್ಟಿದ್ದ ಒಗ್ಗಟ್ಟು ಸಡಿಲವಾಗಿದ್ದು ಈ ತಿಂಗಳುಗಳಲ್ಲೇ. ಅಧ್ಯಕ್ಷ ಮತ್ತು ಉಪಾಧ್ಯಕ್ಷರ ಜಗಳ ಬೀದಿಗೆ ಬಂದಿದ್ದು ಅದಾದ ಮೇಲೆ.

ಲಂಚದ ಬಗ್ಗೆಯೂ ಹೇಳಲೇಬೇಕು. 2008ರಲ್ಲಿ ಬರ ಬರಬಹುದು ಅಂತ ಜೋಳ ಸಂಗ್ರಹಿಸಿಡುವ ಯೋಜನೆ ಮಾಡಿದರು. ಅಲ್ಲಿನ ಜನರ ಮುಖ್ಯ ಆಹಾರ ಜೋಳವೇ. ಗೋದಾಮು ಕಟ್ಟಿ ಜೋಳ ತುಂಬಿಸಲು ನೂರಾರು ಕಂಪನಿಗಳಿಗೆ ಗುತ್ತಿಗೆ ಕೊಟ್ಟರು. ದುಡ್ಡು ಹೋಯಿತು, ಎಷ್ಟೋ ಕಡೆ ಗೋದಾಮೂ ಬರಲಿಲ್ಲ, ಜೋಳವೂ ಬರಲಿಲ್ಲ. ಆಮೇಲೆ ವಿಶ್ವಬ್ಯಾಂಕ್ ನೆರವಿನಿಂದ ನಡೆದ ಲೆಕ್ಕ ತಪಾಸಣೆಯಲ್ಲಿ 290 ಕಂಪನಿಗಳಿಗೆ ಕರಾರುಪತ್ರವೇ ಇಲ್ಲದೆ ಹಣ ಹೋಗಿದ್ದು ಬಯಲಾಯಿತು. ಹಸಿದವರ ಹೆಸರಿನಲ್ಲಿ ತಿಂದ ದುಡ್ಡು ಇದು. 2012ರ ಮೇ ತಿಂಗಳಲ್ಲಿ, ತೈಲ ನಿಂತು ಬೊಕ್ಕಸ ಬರಿದಾಗಿದ್ದಾಗ, ಕೀರ್ ಅವರು 75 ಹಾಲಿ ಮತ್ತು ಮಾಜಿ ಅಧಿಕಾರಿಗಳಿಗೆ ಪತ್ರ ಬರೆದರು. ಸುಮಾರು 4 ಬಿಲಿಯನ್ ಡಾಲರ್ ಲೆಕ್ಕಕ್ಕೆ ಸಿಗುತ್ತಿಲ್ಲ, ಕಳುವಾಗಿದೆ, ದಯವಿಟ್ಟು ವಾಪಸ್ ಕೊಡಿ, ಕೊಟ್ಟವರ ಹೆಸರು ಗುಟ್ಟಾಗಿ ಇಡುತ್ತೇವೆ ಅಂತ ಆ ಪತ್ರದ ಸಾರ. ಒಂದು ದೇಶದ ಅಧ್ಯಕ್ಷರು ತಮ್ಮ ಮಂತ್ರಿಗಳಿಗೆ ಹೀಗೆ ಬರೆಯಬೇಕಾಗಿ ಬಂದದ್ದು ಎಷ್ಟು ದೊಡ್ಡ ವಿಷಯ ಅಲ್ವಾ? ಆದರೆ ಈ ಪತ್ರದ ದೌರ್ಬಲ್ಯವೂ ಅದರಲ್ಲೇ ಇದೆ. ಕೇಸು ಹಾಕುವ ಧೈರ್ಯವಿಲ್ಲದೆ ಬರೆದ ಪತ್ರ ಅದು. ಅವರಲ್ಲಿ ಅನೇಕರು ಒಂದಲ್ಲ ಒಂದು ಗುಂಪಿನ ಬಂದೂಕಿನ ಬೆಂಬಲ ಇದ್ದವರು. ಒಬ್ಬರನ್ನು ಜೈಲಿಗೆ ಹಾಕಿದರೆ ಅವರ ಹಿಂದಿನ ಪಡೆಯೂ ಹೊರಗೆ ಹೋಗುತ್ತದೆ.

ಇಷ್ಟೆಲ್ಲ ಜುಬಾದ ಕಥೆ. ಹಳ್ಳಿಯ ಕಥೆ ಬೇರೆಯೇ ಇತ್ತು, ಮತ್ತು ನನ್ನ ಮಟ್ಟಿಗೆ ಸರ್ಕಾರದ ಅತಿ ದೊಡ್ಡ ಸೋಲು ಅಲ್ಲಿದೆ. ಪೂರ್ವದ ಜೊಂಗ್ಲೆ ಪ್ರಾಂತ್ಯವನ್ನೇ ತೆಗೆದುಕೊಳ್ಳಿ. ಅಲ್ಲಿ ಆಸ್ತಿ ಅಂದರೆ ದನ. ಮದುವೆಗೆ ಗಂಡಿನ ಕಡೆಯವರು ದನಗಳನ್ನೇ ತೆರವಾಗಿ ಕೊಡಬೇಕು. ಯುದ್ಧದ ನಂತರ ಊರಿನ ದೊಡ್ಡವರು, ಸೇನೆಯ ಅಧಿಕಾರಿಗಳು ಸಂಬಳದ ದುಡ್ಡಿನಲ್ಲಿ ಹಿಂಡು ಹಿಂಡು ದನ ಕೊಂಡರು, ತೆರ ಏರುತ್ತಾ ಹೋಯಿತು. ಕೆಲಸವಿಲ್ಲದ ಹುಡುಗನಿಗೆ ಅಷ್ಟು ದನ ಎಲ್ಲಿಂದ ಬರಬೇಕು? ಪಕ್ಕದ ಜನಾಂಗದ ಹಿಂಡಿಗೆ ನುಗ್ಗಿ ಹೊಡೆದುಕೊಂಡು ಬರುವುದೊಂದೇ ದಾರಿ ಅನ್ನಿಸಿತು. ದನ ಹೊಡೆಯುವುದು ಅಲ್ಲಿ ಹಳೆಯದು, ಆದರೆ ಮೊದಲು ಈಟಿ ಹಿಡಿಯುತ್ತಿದ್ದ ಕೈಯಲ್ಲಿ ಈಗ ಎಕೆ-47 ಇತ್ತು. ಮೊದಲು ಒಂದು ದಾಳಿಯಲ್ಲಿ ಬೆರಳೆಣಿಕೆಯಷ್ಟು ಜನ ಸಾಯುತ್ತಿದ್ದರೆ ಈಗ ಇಡೀ ಊರೇ ಸುಟ್ಟುಹೋಗುತ್ತಿತ್ತು, ಹೆಂಗಸರು ಮಕ್ಕಳನ್ನು ಎಳೆದೊಯ್ಯುತ್ತಿದ್ದರು.

2011ರ ಡಿಸೆಂಬರ್ ಕೊನೆಯಲ್ಲಿ, ಸ್ವಾತಂತ್ರ್ಯ ಬಂದು ಆರು ತಿಂಗಳಿಗೆ, ಲೂ ನುಯರ್ ಯುವಕರ ಆರರಿಂದ ಎಂಟು ಸಾವಿರದ ದಂಡು ಮುರ್ಲೆ ಜನರ ಪಿಬೊರ್ ಊರಿನತ್ತ ಹೊರಟಿತು. ಗುಟ್ಟಾಗಿ ಅಲ್ಲ, ಹಗಲಿನಲ್ಲೇ, ದಾರಿಯ ಹಳ್ಳಿಗಳನ್ನು ಸುಡುತ್ತಾ. ವಿಶ್ವಸಂಸ್ಥೆಯ ಹೆಲಿಕಾಪ್ಟರ್‌ಗಳು ಮೇಲಿಂದ ನೋಡುತ್ತಿದ್ದವು. ಮಚಾರ್ ಅವರೇ ಹೋಗಿ ಯುವಕರನ್ನು ಬೇಡಿಕೊಂಡರು, ಯಾರೂ ಕೇಳಲಿಲ್ಲ. ಸರ್ಕಾರದ ಸೈನಿಕರು ಪಿಬೊರ್ ಊರಿನ ನಡುಭಾಗವನ್ನು ಕಾದರು, ಸುತ್ತಲಿನ ಹಳ್ಳಿಗಳನ್ನು ಕಾಯುವಷ್ಟು ಬಲ ಅವರಿಗಿರಲಿಲ್ಲ. ಈ ದಾಳಿ ಮತ್ತು ಆಮೇಲಿನ ಪ್ರತಿದಾಳಿಗಳಲ್ಲಿ 800ಕ್ಕೂ ಹೆಚ್ಚು ಜನ ಸತ್ತರು ಅಂತ ವಿಶ್ವಸಂಸ್ಥೆಯ ತನಿಖೆ ಹೇಳಿತು. ಎರಡು ಲಕ್ಷ ಸೈನಿಕರಿಗೆ ಸಂಬಳ ಕೊಡುವ ಸರ್ಕಾರಕ್ಕೆ ಒಂದು ಜಿಲ್ಲೆಯ ಜನರನ್ನು ಉಳಿಸಿಕೊಳ್ಳಲು ಆಗಲಿಲ್ಲ.

ಆಮೇಲೆ ಮಾಡಿದ್ದು ಇನ್ನೂ ಕೆಟ್ಟದಾಯಿತು. 2012ರ ಮಾರ್ಚ್‌ನಲ್ಲಿ ಜೊಂಗ್ಲೆಯಲ್ಲಿ ಬಂದೂಕು ವಾಪಸ್ ಪಡೆಯುವ ಕಾರ್ಯಾಚರಣೆ ಶುರು ಮಾಡಿದರು. ಒಂದು ಜನಾಂಗದ ಬಂದೂಕು ಕಿತ್ತುಕೊಂಡರೆ ಪಕ್ಕದ ಜನಾಂಗದಿಂದ ಅವರನ್ನು ಕಾಯುವವರು ಬೇಕಲ್ವಾ? ಅದು ಇರಲಿಲ್ಲ. ಬದಲಿಗೆ ಮುರ್ಲೆ ಹಳ್ಳಿಗಳಲ್ಲಿ ಸೈನಿಕರೇ ಹೊಡೆತ, ಚಿತ್ರಹಿಂಸೆ, ಅತ್ಯಾಚಾರ ನಡೆಸಿದ್ದಕ್ಕೆ ವರದಿಗಳು ಬಂದವು. ಯಾವ್ ಯಾವ್ ದಂಗೆಗೆ ಹುಡುಗರು ಸೇರಿದ್ದು ಈ ಕಾರಣಕ್ಕೆ. 2013ರ ಏಪ್ರಿಲ್ 9ರಂದು ಅದೇ ಜೊಂಗ್ಲೆಯಲ್ಲಿ ವಿಶ್ವಸಂಸ್ಥೆಯ ವಾಹನಗಳಿಗೆ ಕಾವಲಾಗಿ ಹೋಗುತ್ತಿದ್ದ ಭಾರತದ ಐವರು ಯೋಧರು ದಾಳಿಯಲ್ಲಿ ಪ್ರಾಣ ಕಳೆದುಕೊಂಡರು. ನಮ್ಮಲ್ಲಿ ಆ ಸುದ್ದಿ ಒಂದೆರಡು ದಿನ ಬಂದು ಹೋಯಿತು. ಅವರು ಅಲ್ಲಿ ಯಾಕಿದ್ದರು, ಯಾವ ಜಗಳದ ನಡುವೆ ಇದ್ದರು ಅಂತ ಬರೆದವರು ಕಡಿಮೆ.

ಇನ್ನು ಭಾಷೆಯ ತೊಡಕು. ಇಂಗ್ಲಿಷನ್ನು ಅಧಿಕೃತ ಭಾಷೆ ಮಾಡಿದರು. ಖಾರ್ಟೂಮ್‌ನಲ್ಲಿ ಓದಿದ ಅಧಿಕಾರಿಗಳಿಗೆ ಬರುತ್ತಿದ್ದದ್ದು ಅರಬ್ಬಿ, ಕೀನ್ಯಾ ಉಗಾಂಡಾದ ಶಿಬಿರಗಳಲ್ಲಿ ಬೆಳೆದವರಿಗೆ ಇಂಗ್ಲಿಷ್, ಕಾಡಿನಲ್ಲಿ ಹೋರಾಡಿದವರಲ್ಲಿ ಅನೇಕರಿಗೆ ಎರಡೂ ಓದಲು ಬಾರದು. ಒಂದೇ ಕಚೇರಿಯಲ್ಲಿ ಒಬ್ಬರು ಬರೆದ ಕಡತವನ್ನು ಇನ್ನೊಬ್ಬರು ಓದಲಾಗದ ಸ್ಥಿತಿ. ಇಂಥ ಹೊತ್ತಿನಲ್ಲಿ, 2011ರ ಸೆಪ್ಟೆಂಬರ್‌ನಲ್ಲಿ, ಸಂಪುಟ ರಾಜಧಾನಿಯನ್ನು ಜುಬಾದಿಂದ ದೇಶದ ನಡುವಿನ ರಾಮ್ಚಿಯೆಲ್ ಅನ್ನೋ ಜಾಗಕ್ಕೆ ಸಾಗಿಸುವ ತೀರ್ಮಾನ ಮಾಡಿತು. ಜುಬಾದ ಸುತ್ತಲಿನ ಬಾರಿ ಜನರ ಜೊತೆ ಜಮೀನಿನ ತಕರಾರು ಇದ್ದದ್ದು ನಿಜ. ಆದರೆ ತಕರಾರು ಬಗೆಹರಿಸುವುದು ಬಿಟ್ಟು ಹೊಸ ನಗರದ ಕನಸಿಗೆ ಹೊತ್ತು ಕೊಟ್ಟಿದ್ದು ನನಗೆ ಒಪ್ಪಿಗೆಯಾಗುವುದಿಲ್ಲ.

ಸಂವಿಧಾನದ ಮಾತು ಕೊನೆಗೆ ಬಂದರೂ ಮುಖ್ಯವಾದದ್ದು. 2011ರ ಮಧ್ಯಂತರ ಸಂವಿಧಾನ ಅಧ್ಯಕ್ಷರಿಗೆ ವಿಪರೀತ ಅಧಿಕಾರ ಕೊಟ್ಟಿತ್ತು. ಬಿಕ್ಕಟ್ಟು ಅಂತ ಕಂಡರೆ ಜನರಿಂದ ಆಯ್ಕೆಯಾದ ಪ್ರಾಂತ್ಯದ ಗವರ್ನರ್‌ನನ್ನೂ ತೆಗೆದುಹಾಕಬಹುದು, 60 ದಿನದಲ್ಲಿ ಚುನಾವಣೆ ನಡೆಸಬೇಕು ಅಷ್ಟೇ. 2013ರಲ್ಲಿ ಕೀರ್ ಇಬ್ಬರು ಗವರ್ನರ್‌ಗಳನ್ನು ತೆಗೆದರು, ಚುನಾವಣೆ ನಡೆಸಲಿಲ್ಲ. ಮಚಾರ್ ತಾವು ಆಡಳಿತ ಪಕ್ಷದ ಅಧ್ಯಕ್ಷ ಸ್ಥಾನಕ್ಕೆ ನಿಲ್ಲುತ್ತೇನೆ ಅಂತ ಬಹಿರಂಗವಾಗಿ ಹೇಳಿದರು. ಸಂಸತ್ತಿನಲ್ಲಿ ಬಹುತೇಕ ಎಲ್ಲರೂ ಒಂದೇ ಪಕ್ಷದವರು, ಹಾಗಾಗಿ ಪಕ್ಷದ ಅಧ್ಯಕ್ಷರಾದವರೇ ಮುಂದೆ ದೇಶದ ಅಧ್ಯಕ್ಷರು. ಪಕ್ಷದೊಳಗೆ ಮತ ಹಾಕಿ ಇದನ್ನು ತೀರ್ಮಾನಿಸಬೇಕಿತ್ತು. ಆ ಸಮಾವೇಶವನ್ನು ಮುಂದೂಡುತ್ತಲೇ ಹೋದರು. 2013ರ ಜುಲೈ 23ರಂದು ಕೀರ್ ಉಪಾಧ್ಯಕ್ಷರನ್ನೂ ಸೇರಿಸಿ ಇಡೀ ಸಂಪುಟವನ್ನೇ ವಜಾ ಮಾಡಿದರು.

ಐದು ತಿಂಗಳಲ್ಲಿ ಜುಬಾದಲ್ಲಿ ಗುಂಡು ಹಾರಿತು. ಮೊದಲ ದಿನಗಳಲ್ಲೇ ಜುಬಾದ ಮನೆಗಳಿಂದ ನುಯರ್ ಜನರನ್ನು ಎಳೆದು ಕೊಂದರು. ವಾರದೊಳಗೆ ಬೊರ್ ಮತ್ತು ಬೆಂಟಿಯು ಪಟ್ಟಣಗಳಲ್ಲಿ ಸೇನೆಯ ತುಕಡಿಗಳು ತಮ್ಮ ತಮ್ಮ ಕಮಾಂಡರ್ ಹಿಂದೆ ಹೊರಟುಹೋದವು. ಅಲ್ಲಿ ಡಿಂಕಾಗಳು ಸತ್ತರು. ಎಂಟು ವರ್ಷ ಒಂದೇ ಸಂಬಳದ ಪಟ್ಟಿಯಲ್ಲಿದ್ದ ಸೇನೆ ಒಡೆಯಲು ಒಂದು ವಾರ ಸಾಕಾಯಿತು. 2018ರಲ್ಲಿ ಬಂದ ಒಂದು ಅಂದಾಜಿನ ಪ್ರಕಾರ ಯುದ್ಧದಿಂದಾಗಿ ಸುಮಾರು 3,83,000 ಜನ ಸತ್ತಿದ್ದಾರೆ, ಅರ್ಧದಷ್ಟು ಜನ ನೇರವಾಗಿ ಹಿಂಸೆಗೆ, ಉಳಿದವರು ಹಸಿವು ಕಾಯಿಲೆಗೆ. 20 ಲಕ್ಷಕ್ಕೂ ಹೆಚ್ಚು ಜನ ಪಕ್ಕದ ದೇಶಗಳಿಗೆ ಓಡಿದರು.

ಇಷ್ಟಾದ ಮೇಲೂ ಶಾಂತಿ ಮಾಡುವ ರೀತಿ ಬದಲಾಗಲಿಲ್ಲ. 2018ರ ಒಪ್ಪಂದದಲ್ಲಿ ಐದು ಉಪಾಧ್ಯಕ್ಷರು, 35 ಮಂತ್ರಿಗಳು, 550 ಸಂಸದರು ಅಂತ ಹಂಚಿಕೊಂಡರು. ನಡುವೆ 10 ಪ್ರಾಂತ್ಯಗಳನ್ನು 28 ಮಾಡಿ, ಆಮೇಲೆ 32 ಮಾಡಿ, 2020ರಲ್ಲಿ ಮತ್ತೆ 10ಕ್ಕೆ ತಂದರು. ಪ್ರತಿ ಸಲವೂ ಲೆಕ್ಕ ಹಾಕಿದ್ದು ಯಾರಿಗೆ ಎಷ್ಟು ಕುರ್ಚಿ ಅಂತ. ಎರಡೂ ಕಡೆಯ ಹುಡುಗರನ್ನು ಬೆರೆಸಿ ಒಂದೇ ಸೇನೆ ಮಾಡಬೇಕು ಅನ್ನೋ ಷರತ್ತು ಮಾತ್ರ ಹಿಂದೆ ಬಿತ್ತು. ತರಬೇತಿ ಮುಗಿಸಿದವರೂ ತಿಂಗಳುಗಟ್ಟಲೆ ಸಂಬಳವಿಲ್ಲದೆ ಕೂತರು.

2024ರ ಫೆಬ್ರವರಿಯಲ್ಲಿ ಸುಡಾನ್‌ನ ಯುದ್ಧದಿಂದಾಗಿ ದೊಡ್ಡ ಪೈಪ್‌ಲೈನ್ ಒಡೆಯಿತು. ಬಿಸಿ ಮಾಡುವುದಕ್ಕೆ ಡೀಸೆಲ್ ಸಿಗದೆ ತೈಲ ಪೈಪಿನಲ್ಲೇ ಹೆಪ್ಪುಗಟ್ಟಿತ್ತು. ಒಂದು ವರ್ಷಕ್ಕೂ ಹೆಚ್ಚು ಕಾಲ ಬಹುಪಾಲು ತೈಲ ಹೊರಗೆ ಹೋಗಲಿಲ್ಲ, ಮೇಷ್ಟರು, ದಾದಿಯರು, ಪೊಲೀಸರು, ಸೈನಿಕರು ಎಲ್ಲರ ಸಂಬಳ ತಿಂಗಳುಗಳ ಕಾಲ ನಿಂತಿತು. ಮುಂದಿನ ವರ್ಷ ಮಾರ್ಚ್‌ನಲ್ಲಿ ನಾಸಿರ್ ಪಟ್ಟಣದ ಸೇನಾ ನೆಲೆಗೆ ನುಯರ್ ಯುವಕರ ದಂಡು ನುಗ್ಗಿತು, ಮಚಾರ್ ಬಂಧನವಾಯಿತು. 2012 ಮತ್ತು 2013ರ ಕ್ರಮವೇ ಮತ್ತೆ ಕಾಣುತ್ತಿದೆ: ಮೊದಲು ತೈಲ ನಿಲ್ಲುತ್ತದೆ, ಆಮೇಲೆ ಸಂಬಳ, ಆಮೇಲೆ ಒಗ್ಗಟ್ಟು.

ಹಾಗಾಗಿ 2026ರ ಡಿಸೆಂಬರ್‌ನ ಚುನಾವಣೆ ಬಗ್ಗೆ ಓದುವಾಗ ಯಾರು ಗೆಲ್ಲುತ್ತಾರೆ ಅನ್ನೋದಕ್ಕಿಂತ ನಾನು ಬೇರೆ ಕೆಲವು ಸಂಗತಿ ಹುಡುಕುತ್ತೇನೆ. 2008ರ ನಂತರ ಜನಗಣತಿಯೇ ಆಗದ ದೇಶದಲ್ಲಿ ಮತದಾರರ ಪಟ್ಟಿಯನ್ನು ಯಾವ ಆಧಾರದ ಮೇಲೆ ಮಾಡುತ್ತಾರೆ? ಹೊರದೇಶದ ಶಿಬಿರಗಳಲ್ಲಿರುವ ಲಕ್ಷಾಂತರ ಜನ ಎಲ್ಲಿ ಮತ ಹಾಕುತ್ತಾರೆ? ಮಧ್ಯಂತರ ಸಂವಿಧಾನದ ಜಾಗಕ್ಕೆ ಶಾಶ್ವತವಾದದ್ದು ಬರುತ್ತದೋ ಇಲ್ಲವೋ? ಎಲ್ಲಕ್ಕಿಂತ ಹೆಚ್ಚಾಗಿ, ಜೊಂಗ್ಲೆಯಲ್ಲೋ ಯೂನಿಟಿಯಲ್ಲೋ ನಿಂತಿರುವ ಸಿಪಾಯಿಗೆ ಆ ತಿಂಗಳ ಸಂಬಳ ಬರುತ್ತದೋ ಇಲ್ಲವೋ, ಬಂದರೆ ಯಾರ ಕೈಯಿಂದ ಬರುತ್ತದೆ?